ಇಪ್ಪತ್ತಿಂಚಿನ ಶಾಕು

"ಹದಿನಾಲ್ಕು ಸಾವ್ರ ಸುರ್ದು ಅಂಗ್ಡಿ ಸೈಕಲ್ ತರಕ್ಕೆ ನಾನೇನು ಮೆಕ್ಯಾನಿಕ್ಕಾ, ಮಂಕಾ? ಬೆಟ್ಟ ಹತ್ತೋ ಸೈಕಲ್ಲ ನಾನೇ ಕಟ್ತೀನಿ ಕಣಮ್ಮಿ! ನೋಡ್ತಾ ಇರು!"

ಚಂದಕವಾಡಿಯ ರಂಗನಾಯಕ ಮನೆ ಜಗಲಿಯ ಮೇಲೆ ನಿಂತು ಹೀಗೆ ಶಪಥ ಮಾಡಿದಾಗ ಎದುರಿಗಿದ್ದದ್ದು ಹೆಂಡತಿ ಶಶಿರೇಖಾ ಮತ್ತು ಹತ್ತು ವರ್ಷದ ಮಗಳು ಭಾನು. ಚಾಮರಾಜನಗರದ ಗ್ಯಾರೇಜೊಂದರಲ್ಲಿ ಹದಿನೈದು ವರ್ಷದಿಂದ ಟ್ರ್ಯಾಕ್ಟರ್ ಎಂಜಿನ್ನುಗಳ ಹೊಟ್ಟೆ ಬಗೆದು ಹೊಲಿದ ಮಹಾನುಭಾವನಿಗೆ ಮಕ್ಕಳ ಸೈಕಲ್ಲು ಯಾವ ಲೆಕ್ಕ! ಇನ್ನೆರಡು ವಾರಕ್ಕೆ ನಗರದಲ್ಲಿ ಮಕ್ಕಳ ಸೈಕಲ್ ಪಂದ್ಯವಿತ್ತು, ಕಲ್ಲುಮಣ್ಣಿನ ದಾರಿಯಲ್ಲಿ. ಭಾನು ಆಗಲೇ ಹೆಸರು ಕೊಟ್ಟು ಬಂದಿದ್ದಳು.

ಗಟ್ಟಿ ಫ್ರೇಮು ಸಿಕ್ಕಿತು. ಇಪ್ಪತ್ತಿಂಚಿನ ಚಕ್ರ, ದಪ್ಪ ಟೈರು, ಆರು ಗೇರು ಎಲ್ಲ ಸೇರಿದವು. ಫ್ರೇಮಿನ ಜೊತೆಗೆ ಬಂದಿದ್ದ, ಮುಂದಿನ ಚಕ್ರ ಹಿಡಿಯುವ ಸಾದಾ ಫೋರ್ಕಿನಲ್ಲೇ ಭಾನು ಎರಡು ಸುತ್ತು ಹೊಡೆದು, "ಚೆನ್ನಾಗದೆ ಅಪ್ಪ" ಅಂದಳು.

"ಏನು ಚೆನ್ನಾಗದೆ? ಮುಂದ್ಕೆ ಸ್ಪ್ರಿಂಗಿನ ಶಾಕಿಲ್ದ ಸೈಕಲ್ಲು, ಮೀಸೆ ಇಲ್ದ ಗಂಡ್ಸು ಎರಡೂ ಒಂದೇಯ! ಬಿಚ್ಚು ಅದ!"

ಅಲ್ಲಿಂದ ಶುರುವಾಯಿತು ನೋಡಿ ಉರಿಯ ಪರ್ವ.

ನಗರದ ಮೊದಲನೆಯ ಅಂಗಡಿಯವನು ಮೊಬೈಲಿನಿಂದ ತಲೆ ಎತ್ತದೆಯೇ ಹೇಳಿದ: "ಶಾಕ್ ಒಂದೇ ಬಿಡಿಯಾಗಿ ಕೊಡಲ್ಲ. ಫುಲ್ ಸೈಕಲ್ ತಗೊಳ್ಳಿ."

"ಮೂಗುದಾರ ಕೇಳುದ್ರೆ ಎತ್ತನ್ನೇ ಹೊಡ್ಕೊಂಡೋಗು ಅಂತೀಯಲ್ಲಯ್ಯ!"

ಎರಡನೆಯ ಅಂಗಡಿಯಲ್ಲಿ ಶಾಕು ಇತ್ತು. ಬೆಲೆ ನಾಲ್ಕು ಸಾವಿರದ ಇನ್ನೂರು. ರಂಗನಾಯಕನ ಇಡೀ ಸೈಕಲ್ಲಿಗೇ ಅಷ್ಟು ಬಿದ್ದಿರಲಿಲ್ಲ! "ಮೂಗಿಗಿಂತ ಮೂಗುತಿ ಭಾರ!" ಎಂದು ಗುಡುಗಿ ಹೊರಬಿದ್ದ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿದ್ದರಿಂದ ಬಾಯಿಗೆ ಬರುತ್ತಿದ್ದದ್ದೂ ಬರೀ ಮೂಗಿನ ಮಾತೇ. ಮೂರನೆಯ ಅಂಗಡಿಯವನು ಅವನ ಮುಖ ನೋಡಿಯೇ "ಇಲ್ಲ ಸಾರ್" ಅಂದುಬಿಟ್ಟ. ಇವನು ಇನ್ನೂ ಏನೂ ಕೇಳಿಯೇ ಇರಲಿಲ್ಲ!

ಭಾನುವಾರ ಬೈಕು ಹತ್ತಿ ಗುಂಡ್ಲುಪೇಟೆಗೆ ಹೊರಟ. ಈರುಳ್ಳಿ ಲಾರಿಗಳ ಹೊಗೆಯನ್ನು ದಾರಿಯುದ್ದಕ್ಕೂ ಕುಡಿದು, ಹೆದ್ದಾರಿ ಪಕ್ಕದ ಬೆಟ್ಟಯ್ಯನ ಗುಜರಿ ಅಂಗಡಿ ಮುಟ್ಟುವಾಗ ತಾನೂ ಹೊಗೆಯಾಡುತ್ತಿದ್ದ.

"ಏನ್ ಬೇಕ್ಲಾ?" ಎಂದ ಬೆಟ್ಟಯ್ಯ.

"ಶಾಕು!" ಅಷ್ಟರಲ್ಲಿ ಕೇರಳದ ಲಾರಿಯೊಂದು ಹಾರನ್ ಬಾರಿಸಿತು.

"ಸಾಕಾ? ಇನ್ನೂ ಏನೂ ಕೊಟ್ಟೇ ಇಲ್ವಲ್ಲ!"

"ಸಾಕಲ್ಲ ಕಣಯ್ಯ, ಶಾಕು! ಸೈಕಲ್ ಮುಂದ್ಕೆ ಕುಣೀತದಲ್ಲ, ಅದು!"

"ಅಂಗನ್ನು ಮತ್ತೆ! ಬೇಕು ಅನ್ನಕ್ಕೆ ಬಂದು ಸಾಕು ಅಂದ್ರೆ?"

ಬೆಟ್ಟಯ್ಯ ತಗಡಿನ ರಾಶಿಗೆ ಕೈಹಾಕಿ ಒಂದನ್ನು ಎಳೆದ. ಬಂಡೀಪುರ ನೋಡಲು ಮಡಚುವ ಸೈಕಲ್ಲಿನಲ್ಲಿ ಬಂದ ದೊಡ್ಡ ಆಸಾಮಿಯೊಬ್ಬನದಂತೆ. ಹಿಂದಿನ ಚಕ್ರ ಲಾರಿಗೆ ಸಿಕ್ಕಿ ಚಪ್ಪಟೆಯಾಗಿತ್ತು, ಮುಂದಿನದು ನೆಟ್ಟಗೆ ಉಳಿದಿತ್ತು. ಅಳತೆ ಇಪ್ಪತ್ತಿಂಚು! ಒಂಬೈನೂರು ರೂಪಾಯಿ! ರಂಗನಾಯಕ ತನ್ನ ಎಂಬತ್ತೈದು ಕೆಜಿಯನ್ನೆಲ್ಲ ಅದರ ಮೇಲೆ ಹೇರಿ ಒತ್ತಿದ. ಶಾಕು ತಗ್ಗಿ ನಮಸ್ಕಾರ ಮಾಡಿ, ಮತ್ತೆ ಎದ್ದು ನಿಂತಿತು. ವಾರದಲ್ಲಿ ಮೊದಲ ಸಲ ಅವನು ನಕ್ಕ.

ಆ ನಗು ಸಂಜೆಯವರೆಗೂ ಬಾಳಲಿಲ್ಲ. ಹೊಸ ಶಾಕಿನ ಸೈಕಲ್ಲಿನಲ್ಲಿ ಕಲ್ಲುದಾರಿ ತುಳಿದು ಬಂದ ಭಾನು ಅಂಗೈ ಉಜ್ಜಿಕೊಂಡಳು. "ಇದು ಅಳ್ಳಾಡಾದೇ ಇಲ್ಲ ಕಣಪ್ಪ. ಕಲ್ಲಿದ್ದಂಗದೆ."

"ಸರ್ಯಾಗಿ ಒತ್ತು!"

ಒತ್ತಿದಳು. ನಿಂತು ಒತ್ತಿದಳು. ಎಗರಿ ಎಗರಿ ಒತ್ತಿದಳು. ಶಾಕು ಕಮಕ್ ಕಿಮಕ್ ಅನ್ನಲಿಲ್ಲ. ಅವಳಿದ್ದದ್ದೇ ಇಪ್ಪತ್ತಾರು ಕೆಜಿ!

"ಅದು ಕುಣಿಯಾದು ನಿಮ್ಮ ತೂಕಕ್ಕೆ" ಎಂದಳು ಶಶಿರೇಖಾ. "ಚಡ್ಡಿ ಹಾಕ್ಕಂಡು ನೀವೇ ಪಂದ್ಯಕ್ಕೆ ಓಗ್ಬುಡಿ."

ರಂಗನಾಯಕನ ಕಿವಿ ಕೆಂಪಾಯಿತು. ಅಂಗಡಿಯವರು ಮೋಸ, ಬೆಟ್ಟಯ್ಯ ಮೋಸ, ಈಗ ಸ್ಪ್ರಿಂಗೂ ಮೋಸ! ವಾರವಿಡೀ ಗೊಣಗಿ, ಪಂದ್ಯದ ಹಿಂದಿನ ದಿನ ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಶಾಕನ್ನು ತೊಡೆಸಂದಿಗೆ ಸಿಕ್ಕಿಸಿ ಕೂತ. ಒಳಗಿನ ಸ್ಪ್ರಿಂಗು ತೆಗೆದು ಮೆತ್ತನೆಯದು ಹಾಕುವುದು ಅವನ ಮಹಾ ಯೋಜನೆ.

"ಅಡುಗೆಮನೆ ಕಡೆ ಅದ್ರ ಮೂತಿ ಮಾಡಿ ಬಿಚ್ಬ್ಯಾಡಿ" ಒಳಗಿನಿಂದ ಶಶಿರೇಖಾ ಕೂಗಿದಳು.

"ನಂಗೆ ಸ್ಪ್ರಿಂಗ್ ಪಾಠ ಏಳ್ಬ್ಯಾಡ!"

ಟಣ್!

ಶಾಕಿನ ಮುಚ್ಚಳ ಅವನ ಗಲ್ಲಕ್ಕೆ ಬಡಿಯಿತು. ಸ್ಪ್ರಿಂಗು ಬಾಗಿಲು ದಾಟಿ, ಗೋಡೆಗೆ ಅಪ್ಪಳಿಸಿ, ಒಲೆಯ ಮೇಲೆ ಕುದಿಯುತ್ತಿದ್ದ ಉಪ್ಸಾರಿನ ಪಾತ್ರೆಗೆ ಧುಮುಕಿತು. ಅದರ ಜೊತೆಗೆ ಹಳೆಯ ಗ್ರೀಸೂ ಇಳಿದು, ಸಾರಿನ ಮೇಲೆ ಕಪ್ಪಗೆ ತೇಲಿತು.

ಶಶಿರೇಖಾ ಸೌಟು ಹಿಡಿದೇ ಹೊರಗೆ ಬಂದಳು. "ಬನ್ನಿ, ಊಟಕ್ಕೆ ಬನ್ನಿ! ಮುದ್ದೆ ಜೊತೆಗೆ ಸ್ಪ್ರಿಂಗ್ ನಂಚ್ಕೊಳಿ! ಎರಡು ವಾರದಿಂದ ಊರವರ ಮೇಲೆಲ್ಲ ಎಗರಾಡಿದ್ರಿ. ಮಗಾ ಏನ್ ಕೇಳ್ತು ಅಂತ ಒಂದ್ಸಲ ಕೇಳಿದ್ರಾ?"

"ಪಂದ್ಯಾನೂ ಬ್ಯಾಡ, ಸೈಕಲ್ಲೂ ಬ್ಯಾಡ! ಎಲ್ಲಾನೂ ಗುಜರಿಗಾಕ್ಬುಡಿ!" ಎಂದು ಅರಚಿ, ಗಲ್ಲ ಹಿಡಿದುಕೊಂಡು ಟೀ ಅಂಗಡಿಗೆ ನಡೆದ. ಭಾನು ಅಳಲಿಲ್ಲ. ಅಪ್ಪನ ಬೆನ್ನನ್ನೇ ನೋಡುತ್ತ ನಿಂತಳು. ತಿರುವಿನಲ್ಲಿ ಅವನು ಒಮ್ಮೆ ಹಿಂತಿರುಗಿ ನೋಡಿದ. ಅಳದೆ ನಿಂತ ಆ ಮುಖ ಟೀ ಲೋಟದಲ್ಲೂ ಕಂಡು, ಟೀ ಅರ್ಧಕ್ಕೇ ಬಿಟ್ಟು ಎದ್ದ.

ಹಿಂತಿರುಗಿದಾಗ ಅಂಗಳದಲ್ಲಿ ತಾಯಿ ಮಗಳು ಸೇರಿ ಸಾದಾ ಫೋರ್ಕನ್ನು ಮತ್ತೆ ಕೂರಿಸುತ್ತಿದ್ದರು. ಶಶಿರೇಖಾಳ ಕೈಯಲ್ಲಿ ಅವನದೇ ಸ್ಪ್ಯಾನರು!

"ಯಾರನ್ನ ಕೇಳಿ ನನ್ನ..."

"ಬಾಯಿ ಮುಚ್ಕೊಂಡು ಆ ನಟ್ಟು ಹಿಡ್ಕಳಿ."

ಹಿಡಿದುಕೊಂಡ. ಬಿಗಿಯಾಗಿದೆಯೇ ಎಂದು ಮೂರು ಸಲ ನೋಡಿದ. ಭಾನು ದಪ್ಪ ಟೈರಿನ ಗಾಳಿಯನ್ನು ಸ್ವಲ್ಪ ಬಿಟ್ಟು, ಒಂದು ಸುತ್ತು ಹೋಗಿ ಬಂದಳು. "ಈಗ ಕೈ ಅದುರಲ್ಲ ಅಪ್ಪ. ಗಾಳೀನೇ ಮೆತ್ತಗದೆ."

ಹದಿನೈದು ವರ್ಷದ ಮೆಕ್ಯಾನಿಕ್ಕಿಗೆ ಇದು ಹೊಳೆದಿರಲಿಲ್ಲ!

ಮಾರನೆಯ ದಿನ ಇಪ್ಪತ್ತೆರಡು ಮಕ್ಕಳಲ್ಲಿ ಭಾನು ಮೂರನೆಯವಳಾಗಿ ಬಂದಳು. ಮೈದಾನದಲ್ಲಿ ಮೈಕು ಹಿಡಿದಿದ್ದವರು ಪದಕ ಹಾಕಿ ಕೇಳಿದರು: "ಎಲ್ಲರ ಸೈಕಲ್ಲಿಗೂ ಶಾಕ್ ಇದೆ, ನಿನ್ನದಕ್ಕೆ ಇಲ್ವಲ್ಲಮ್ಮ?"

ಭಾನು ಮೈಕನ್ನು ಬಾಯಿಗೆ ಎಳೆದುಕೊಂಡಳು. "ಇತ್ತು ಸಾರ್. ಅದು ನಮ್ಮಪ್ಪಂಗೆ ಹೊಡೀತು, ಅದ್ಕೇ ಬುಟ್ಬುಟ್ಟೊ!"

ಮೈದಾನವೇ ಗೊಳ್ಳೆಂದಿತು. ಶಶಿರೇಖಾ ಸೆರಗು ಬಾಯಿಗೆ ತುರುಕಿಕೊಂಡಳು. ರಂಗನಾಯಕನಿಗೆ ಸಿಟ್ಟು ಬುಸ್ಸೆಂದು ಬಂತು. ಯಾರ ಮೇಲೆ ಬಿಡುವುದೆಂದು ಆ ಕಡೆ ಈ ಕಡೆ ನೋಡಿದ. ಬೈಯಲು ಒಬ್ಬನೂ ಸಿಗಲಿಲ್ಲ.

ಪಕ್ಕದಲ್ಲಿ ನಿಂತಿದ್ದವನೊಬ್ಬ ಹೊಟ್ಟೆ ಹಿಡಿದು ನಗುತ್ತ, "ಯಾರಪ್ಪನೋ, ಪಾಪ!" ಅಂದ.

"ನಾನೇ ಕಣಯ್ಯ" ಎಂದ ರಂಗನಾಯಕ, ಗಲ್ಲ ಸವರಿಕೊಳ್ಳುತ್ತ.