ಗಂಡುಗಲಿಯ ಪಾದಕ್ಕೆ ಬೆಣ್ಣೆ

ದಾವಣಗೆರೆಯ ಬೆಣ್ಣೆಯ ಮಹಿಮೆಯನ್ನು ಊರಿನವರು ದೋಸೆಯ ಮೇಲಷ್ಟೇ ಕಂಡಿದ್ದಾರೆ ಎಂಬುದು ಎಸ್.ಎಸ್. ಬಡಾವಣೆಯ ಪಂಚಾಕ್ಷರಪ್ಪನವರ ಬಹುಕಾಲದ ಕೊರಗು. ಒಡೆದ ಹಿಮ್ಮಡಿ, ಮಂಡಿನೋವು, ಮನಸ್ತಾಪ, ಬೆಣ್ಣೆಗೆ ಬಗ್ಗದ ವ್ಯಾಧಿಯೇ ಭೂಮಂಡಲದಲ್ಲಿಲ್ಲವೆಂದು ಅವರ ನಂಬಿಕೆ. (ಮನಸ್ತಾಪದ ವಿಷಯದಲ್ಲಿ ಮಾತ್ರ ಪತ್ನಿ ಶಾಂತಕುಮಾರಿ ಈವರೆಗೆ ಬಗ್ಗಿರಲಿಲ್ಲ.) ಆ ನಂಬಿಕೆಯನ್ನು ಲೋಕಕ್ಕೆ ಸಾರುವ ಸದವಕಾಶ ಗಂಡುಗಲಿಯ ಮುಂಗಾಲಿನ ರೂಪದಲ್ಲಿ ಒದಗಿತು.

ಗಂಡುಗಲಿಯೆಂದರೆ ಅವರ ಮುಧೋಳ ತಳಿಯ ಬೇಟೆನಾಯಿ. ಎಲುಬೆಣಿಸಬಹುದಾದ ಮೈ, ಬಾಣದಂಥ ಓಟ, ವಿರಕ್ತನ ಮುಖ. ಶಾಂತಕುಮಾರಿಯ ತಮ್ಮ ಬಕ್ಕೇಶನದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಒಂದು ಭಾನುವಾರ ದಂಪತಿ ನಾಯಿಯೊಡನೆ ಅಲ್ಲಿಗೆ ಹೋಗಿದ್ದಾಗ, ಅವನ ಕೊಯ್ದ ಭತ್ತದ ಗದ್ದೆಯಲ್ಲಿ ಹೆಗ್ಗಣವೊಂದನ್ನು ಅಟ್ಟಿಸಿಕೊಂಡು ಹೋದ ಆ ವೀರ ಮೂರೇ ಕಾಲಿನಲ್ಲಿ ಮರಳಿದ. ಬಲಮುಂಗಾಲಿನ ಬೆರಳ ಸಂದು ಕೆಂಪಗೆ ಕೆರಳಿತ್ತು. ಅವನ ಹಿಂದೆ ಬದುವಿನ ಮೇಲೆ ಧಾವಿಸಿದ ಪಂಚಾಕ್ಷರಪ್ಪನವರೂ ಎಡವಿ ಎಡಗಾಲಿನ ಹೆಬ್ಬೆರಳು ಜಜ್ಜಿಕೊಂಡರು. ಅದನ್ನು ಯಾರೂ ವಿಚಾರಿಸಲಿಲ್ಲ.

"ಟೈಲ್ಸ್ ಮ್ಯಾಲೆ ಸಾಕಿದ್ರೆ ಬೇಟೆನಾಯಿ ಹಿಂಗೇ ಆಗೋದು ಭಾವಾ," ಎಂದ ಬಕ್ಕೇಶ. "ಬರೋ ಭಾನುವಾರ ನಿಮ್ಮನೀಗೆ ಬರ್ತೀನಿ. ಆಗ್ಲೂ ಕುಂಟ್ತಿದ್ರೆ ನಾಯಿ ನನ್ ಹೊಲಕ್ಕೆ."

"ಕುಂಟದಿದ್ರೆ?"

"ಮತ್ತೆ ಈ ಜನ್ಮದಾಗೆ ಕೇಳಲ್ಲ."

"ಆಗಲಿ!" ಎಂದುಬಿಟ್ಟರು ಪಂಚಾಕ್ಷರಪ್ಪ. ಕಾರಿನಲ್ಲಿ ಕೂತ ಮೇಲೆ ಎದೆ ಅಳುಕಿತು. ಮುಂಜಾನೆಯ ಪೂಜೆ ಮುಗಿಯುವವರೆಗೆ ಬಾಗಿಲಲ್ಲಿ ಕಾದಿದ್ದು, ವಿಭೂತಿ ಧರಿಸಿದ ಹಣೆಯನ್ನು ಕಂಡ ಬಳಿಕವೇ ಬಾಲವಾಡಿಸುವ ಆ ಜೀವಿಯೇ ಇಲ್ಲದ ಮನೆಯನ್ನು ನೆನೆದು, ಹಿಂದಿನ ಸೀಟಿನಲ್ಲಿದ್ದ ನಾಯಿಯತ್ತ ಮತ್ತೆ ಮತ್ತೆ ತಿರುಗಿ ನೋಡಿದರು.

ಹರಿಹರದಲ್ಲಿ ಕಾರು ನಿಲ್ಲಿಸಿ, ಪರಿಚಯದ ಪಶುವೈದ್ಯೆ ಸುನೀತಾ ಅವರಿಗೆ ಫೋನ್ ಮಾಡಿದರು.

"ನಾಳೆ ಕರ್ಕಂಡು ಬರ್ರಿ," ಎಂದರು ಆಕೆ. "ಅಲ್ಲೀತನ ಬೆರಳ ಸಂದಿ ಬಿಡಿಸಿ ನೋಡ್ರಿ, ಭತ್ತದ ಮುಳ್ಳು ಸಿಕ್ಕಿರ್ತೈತೆ. ಉಗುರುಬೆಚ್ಚನೆ ಉಪ್ಪುನೀರಾಗೆ ತೊಳ್ದು ಚೆನ್ನಾಗಿ ಒಣಗಿಸ್ರಿ. ನೆಕ್ಕಾಕೆ ಮಾತ್ರ ಬಿಡಬ್ಯಾಡ್ರಿ."

ಫೋನಿಟ್ಟು ಪಂಚಾಕ್ಷರಪ್ಪನವರು ಕರುಣೆಯಿಂದ ನಕ್ಕರು. "ಪಾಪ, ಓದಿದ್ದು ಒಪ್ಪಿಸ್ತಾಳೆ. ಅವರ ಪುಸ್ತಕದಾಗೆ ಬೆಣ್ಣೆ ಎಲ್ಲೈತೆ?"

ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಾಂತಕುಮಾರಿ ಸುಮ್ಮನಿದ್ದರು. (ಆಕೆಯ ಮೌನ ಸಮ್ಮತಿಯಲ್ಲವೆಂದು ಮೂವತ್ತು ವರ್ಷಗಳ ದಾಂಪತ್ಯ ಅವರಿಗೆ ಕಲಿಸಿರಬೇಕಿತ್ತು.)

ಪಶುವೈದ್ಯೆಯ ಬಳಿಗೆ ಹೋಗುವ ಬದಲು ಸೋಮವಾರದಿಂದ ಮನೆಯಲ್ಲೇ ತ್ರಿಕಾಲ ಚಿಕಿತ್ಸೆ ಆರಂಭವಾಯಿತು. ಬೆಳ್ಳಿಬಟ್ಟಲಿನಲ್ಲಿ ಬೆಣ್ಣೆ, ಮಣೆಯ ಮೇಲೆ ವೈದ್ಯ, ಎದುರಿಗೆ ರೋಗಿ. ಇವರು ಹಚ್ಚುವರು, ಅದು ನೆಕ್ಕುವುದು. ಇವರು ಮತ್ತೆ ಹಚ್ಚುವರು. "ಔಷಧ ಒಳಗೂ ಹೋಗ್ಲಿ ಬಿಡು," ಎಂದು ವೈದ್ಯರ ಸಮಾಧಾನ. ಮಂಗಳವಾರ ಸಂದು ಇನ್ನಷ್ಟು ಕೆಂಪಾಯಿತು.

"ಏನ್ರಿ, ಅರ್ಧ ಕೆಜಿ ಬೆಣ್ಣೆ ಎಲ್ಲಿ ಹೋತು?"

"ಧರ್ಮಕಾರ್ಯಕ್ಕೆ ಹೋತು."

"ಧರ್ಮದ ಮೂತಿಗೆ ಇನ್ನೂ ಜಿಡ್ಡು ಮೆತ್ತೈತೆ ನೋಡ್ರಿ!"

ಗುರುವಾರ ಪವಾಡವೇ ನಡೆಯಿತು. ಕಾಲಿನ ಕೆಂಪು ಇಳಿದಿತ್ತು. ನಾಯಿ ಹಿತ್ತಲಲ್ಲಿ ಅಳಿಲನ್ನು ಅಟ್ಟುತ್ತಿತ್ತು. ಬೆಣ್ಣೆಬಟ್ಟಲು ಬಂದಾಗ ಮಾತ್ರ ತಾನಾಗಿಯೇ ಕಾಲೆತ್ತಿ ಕುಂಟುತ್ತ ಮಣೆಯ ಬಳಿಗೆ ಬರುತ್ತಿತ್ತು. ಇಂಥ ವಿಧೇಯ ರೋಗಿ ಧನ್ವಂತರಿಗೂ ದೊರೆತಿರಲಾರದೆಂದು ಪಂಚಾಕ್ಷರಪ್ಪನವರ ಕಣ್ಣು ತುಂಬಿತು.

ಭಾನುವಾರ ಬಕ್ಕೇಶ ಹಗ್ಗದೊಂದಿಗೇ ಬಂದ. ಪಂಚಾಕ್ಷರಪ್ಪನವರು ಶಿಳ್ಳೆ ಹಾಕಿದರು. ಹಿತ್ತಲಿನಿಂದ ಹೊರಟ ಗಂಡುಗಲಿ ತುಳಸಿಕಟ್ಟೆಯನ್ನು ಹಾರಿ, ಗೇಟಿನ ತನಕ ಮಿಂಚಿ, ಮರಳಿ ಯಜಮಾನರ ಕಾಲ ಬಳಿ ನಿಂತ. ನಾಲ್ಕೂ ಪಾದ ನೆಲದ ಮೇಲೆ!

"ಗೆದ್ರಿ ಭಾವಾ," ಎಂದು ಬಕ್ಕೇಶ ಹಗ್ಗ ಸುತ್ತಿದ.

ಅಲ್ಲಿಗೆ ನಿಲ್ಲಿಸಿದ್ದರೆ ವಿಜಯ ನಿಷ್ಕಳಂಕವಾಗುತ್ತಿತ್ತು. ಆದರೆ ಗೆದ್ದವನಿಗೆ ವಿಧಾನವನ್ನು ವಿವರಿಸುವ ಚಪಲ. "ಹೆಂಗೆ ಅಂತ ನೋಡು ಬಾ!" ಎಂದು ಪಂಚಾಕ್ಷರಪ್ಪನವರು ಬೆಳ್ಳಿಬಟ್ಟಲನ್ನು ತಂದರು.

ಬಟ್ಟಲು ಕಂಡದ್ದೇ ತಡ, ಗಂಡುಗಲಿ ಮುಖ ಬಾಡಿಸಿ, ಮುಂಗಾಲೆತ್ತಿ, ದಾರುಣವಾಗಿ ಕುಂಟತೊಡಗಿದ.

"ಕುಂಟ್ತು! ನಾಯಿ ನಂದು!" ಬಕ್ಕೇಶ ಹಗ್ಗ ಬಿಚ್ಚಿದ.

ಪಂಚಾಕ್ಷರಪ್ಪನವರು ಬಟ್ಟಲು ಹಿಡಿದೇ ಹಗ್ಗಕ್ಕೂ ನಾಯಿಗೂ ನಡುವೆ ಅಡ್ಡ ನಿಂತರು.

"ತಡಿಯೋ ತಮ್ಮಾ," ಎಂದು ಶಾಂತಕುಮಾರಿ ಒಳಗಿನಿಂದ ಬಂದರು. "ಪೆಟ್ಟಾಗಿದ್ದು ಬಲಗಾಲಿಗೆ. ಅದು ಎತ್ತಿರೋದು ಎಡಗಾಲು." ಬಟ್ಟಲನ್ನು ಕಸಿದು ಸೆರಗಿನಲ್ಲಿ ಮುಚ್ಚಿದರು. ಒಡನೆಯೇ ಕಾಲು ಕೆಳಗಿಳಿಯಿತು. "ಭತ್ತದ ಮುಳ್ಳನ್ನ ಬುಧವಾರ ನಾನೇ ಚಿಮಟದಾಗೆ ಕಿತ್ತೀನಿ. ಉಪ್ಪುನೀರಾಗೆ ತೊಳ್ದು, ಒರೆಸಿ, ದಿನಾ ಇವರು ಅಂಗಡೀಗೆ ಹೋದ ಮ್ಯಾಲೆ ನೆಕ್ಕದಂಗೆ ಇವರದೇ ಕಾಲುಚೀಲ ಕಟ್ಟಿ ಕೂಡಿಸ್ತಿದ್ದೆ. ಇದು ಕುಂಟು ಅಲ್ಲ, ಕಳ್ಳಾಟ. ನಾಯಿ ಎಲ್ಲೂ ಹೋಗಂಗಿಲ್ಲ."

ಬಕ್ಕೇಶ ನಗುತ್ತ ಊಟದ ಮೇಜಿಗೆ ಕೂತ. ಪಂಚಾಕ್ಷರಪ್ಪನವರೂ ನಾಯಿಯ ತಲೆ ಸವರುತ್ತ ಕೂತರು. ಕೀರ್ತಿ ಹೋದರೂ ಗಂಡುಗಲಿ ಉಳಿದಿದ್ದ. ಬಕ್ಕೇಶನ ದೋಸೆಯ ಮೇಲೆ ನಿಂಬೆಗಾತ್ರದ ಬೆಣ್ಣೆ ಕರಗುತ್ತಿತ್ತು. ಅವರದು ಬೋಳುದೋಸೆ.

"ಶಾಂತಾ, ಬೆಣ್ಣೆ?"

"ನಿಮ್ಮ ಪಾಲಿಂದು ಆಗ್ಲೇ ಕಾಲಿಗೆ ಹೋತಲ್ರಿ."

ಪಂಚಾಕ್ಷರಪ್ಪನವರು ಬೋಳುದೋಸೆಯನ್ನು ನೋಡಿದರು. ಗಂಡುಗಲಿಯತ್ತ ನೋಡಿದರು. ಮೆಲ್ಲನೆ ಎದ್ದು, "ಅಯ್ಯೋ, ಗದ್ದೀಯಾಗೆ ಎಡವಿದ ಬೆರಳು," ಎಂದು ನರಳುತ್ತ, ಕುಂಟಿಕೊಂಡು ಅಡುಗೆಮನೆಯ ಕಡೆಗೆ ನಡೆದರು.

"ಎಡಗಾಲ್ರೀ!" ಎಂದು ಶಾಂತಕುಮಾರಿ ಕೂಗಿದರು. "ನಿಮಗೆ ಪೆಟ್ಟಾಗಿದ್ದು ಎಡಗಾಲಿಗೆ!"