ಕುಂಡದಲ್ಲಿ ಏನೂ ಹುಟ್ಟದ ವಾರ

ಮಕ್ಕಳ ಬುದ್ಧಿ ಬೆಳೆಯಬೇಕಾದರೆ ಅವರ ಕೈಗೆ ಮಣ್ಣು ಕೊಡಿ ಎನ್ನುವವರು ಯಾರೂ ಆಮೇಲೆ ಆ ಕೈಯನ್ನು ತೊಳೆದವರಲ್ಲ. ನಾನು ತೊಳೆದಿದ್ದೇನೆ. ಸೋಫಾ ತೊಳೆದಿದ್ದೇನೆ, ತಲೆಕೆಟ್ಟು ಟಿವಿ ರಿಮೋಟನ್ನೂ ತೊಳೆದಿದ್ದೇನೆ.

ಅಕ್ಕನ ಮಗಳು ಚಿನ್ನು ವಿಜಯನಗರದಲ್ಲಿ ಯುಕೆಜಿ. ಅವಳ ಮಿಸ್ಸು ಮೂಗಿನಲ್ಲೇ ಮಾತಾಡುವವರು. ಅವರ ದನಿಯನ್ನು ಅವರಿಗಿಂತ ನಾನೇ ಚೆನ್ನಾಗಿ ತೆಗೆಯುತ್ತೇನೆ. "ಪೇರೆಂಟ್ಸ್, ಗಾರ್ಡನಿಂಗಿಂದ ಮಕ್ಕಳಿಗೆ ತಾಳ್ಮೆ ಬರತ್ತೆ, ಕುತೂಹಲ ಬರತ್ತೆ. ಶನಿವಾರ ಎಲ್ರೂ ಗಿಡ ಬಂದಿರೋ ಕುಂಡ ತರ್ಬೇಕು" ಎಂದರು. ಅಕ್ಕ ಆಫೀಸಿಗೆ ಹೊರಡುತ್ತಾ, "ನೀನು ಮನೇಲೇ ಕೂತು ಕೆಲಸ ಮಾಡ್ತೀಯಲ್ಲ, ನೋಡ್ಕೊಳೋ" ಎಂದಳು. ನಮ್ಮ ತಾತ ನಾಯಂಡಹಳ್ಳಿಯಲ್ಲಿ ರಾಗಿ ಬೆಳೆದವರು, ಬೇಸಾಯ ರಕ್ತದಲ್ಲೇ ಇದೆ ಎಂಬ ಧೈರ್ಯದಲ್ಲಿ ಅಡುಗೆಮನೆ ಡಬ್ಬಿಯಿಂದ ಹಳದಿಯಾಗಿ ಹೊಳೆಯುತ್ತಿದ್ದ ಕಾಳು ತೆಗೆದು ಚಿನ್ನುವಿನ ಕೈಯಲ್ಲಿ ಬಿತ್ತಿಸಿದೆ.

ಕುತೂಹಲ ಬಂತು. ತಾಳ್ಮೆಯ ಸುಳಿವಿಲ್ಲ. ಎದ್ದವಳೇ ಮಣ್ಣು ಕೆದಕಿ, ಕಾಳು ಹೊರತೆಗೆದು, "ಇನ್ನೂ ಮಲಗಿದೆ ಮಾಮ" ಎಂದು ಮತ್ತೆ ಹೂಳುವಳು. ತಿಂಡಿಯಾದ ಮೇಲೆ ಮತ್ತೆ ಅದೇ. ಒಮ್ಮೆ ಮೀಟಿಂಗಿನ ನಡುವೆ ಮ್ಯೂಟ್ ಮಾಡಲು ಮರೆತು "ಲೇ, ಕೈ ತೆಗಿ! ಸಾಯ್ಸ್‌ಬಿಡ್ತೀಯ!" ಎಂದು ಕಿರುಚಿದೆ. ನಮ್ಮ ಮ್ಯಾನೇಜರು ಗಾಬರಿಯಾಗಿ ಕೀಬೋರ್ಡಿನಿಂದ ಕೈ ತೆಗೆದರು.

ಗುರುವಾರವೂ ಕುಂಡ ಖಾಲಿ. ಚಿನ್ನು ಅದನ್ನು ತಂದು ನನ್ನ ಮುಂದಿಟ್ಟಳು. "ಪಕ್ಕದ್ಮನೆ ಅನ್ವಿದೂ ಬಂದಿದೆ. ನಂದೊಂದೇ ಇಲ್ಲ."

"ನೀನು ಕೆದಕಿ ಕೆದಕೀನೇ ಹಿಂಗಾಗಿದ್ದು ಕಣೇ!" ಎಂದು ರೇಗಿದೆ.

ಅವಳು ಅಳು ನುಂಗಿ ಮತ್ತೆ ಕೆದಕಿದಳು. ಒಂದು ಅಂಗೈಯಲ್ಲಿ ಆ ಕಾಳು, ಇನ್ನೊಂದರಲ್ಲಿ ನಮ್ಮಮ್ಮ ಉಸಲಿಗೆಂದು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ್ದ ಹೆಸರುಕಾಳು. "ಮಾಮ, ಅಜ್ಜಿದು ಗುಂಡಗಿದೆ. ನಿಂದು ಅರ್ಧಾನೇ ಇದೆ. ಇನ್ನರ್ಧ ಎಲ್ಲಿ?"

ಅಮ್ಮ ಇಣುಕಿ ನೋಡಿದರು. "ಅಯ್ಯೋ ನಿನ್ನ, ತೊಗರಿಬೇಳೆ ಬಿತ್ತಿದ್ಯೇನೋ! ಒಡೆದ ಬೇಳೆ ಎಲ್ಲಾದ್ರೂ ಹುಟ್ಟತ್ತಾ? ಚೂರು ಹುಣಸೆಹಣ್ಣು ಹಾಕಿದ್ರೆ ಸಾರಾದ್ರೂ ಆಗ್ತಿತ್ತು."

ಚಿನ್ನು ಅಜ್ಜಿಯ ಮೊಳಕೆಗಳನ್ನು ತಾನೇ ನೆಟ್ಟಳು. ಶನಿವಾರಕ್ಕೆ ಅವು ಹಸಿರಾಗಿ ತಲೆ ಎತ್ತಿದ್ದವು. ಜೊತೆಗೆ ನನ್ನ ಬೇಳೆಯನ್ನೂ ಒಯ್ದು, ಅದು ಯಾಕೆ ಹುಟ್ಟಲಿಲ್ಲವೆಂದು ಇಡೀ ತರಗತಿಗೆ ವಿವರಿಸಿದಳಂತೆ. ಮಿಸ್ಸಿಗೆ ಎಷ್ಟು ಖುಷಿಯೆಂದರೆ ಮುಂದಿನ ವಾರ ನನ್ನನ್ನೇ ಶಾಲೆಗೆ ಕರೆದಿದ್ದಾರೆ. ಪಾಠ ಹೇಳಲಿಕ್ಕೇ ಇರಬೇಕೆಂದು ಕನ್ನಡಿ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ.

"ನೀನೇನೂ ಮಾತಾಡ್ಬೇಡ ಮಾಮ," ಎಂದಳು ಚಿನ್ನು. "ಆ ಬೇಳೆ ಪಕ್ಕ ಸುಮ್ನೆ ನಿಂತ್ಕೋ. ನಾವೆಲ್ಲ ನೋಡ್ತೀವಿ."