ಭರಮಣ್ಣನ ಹೆಸರಿನ ಟಗರು

ಟಗರಿನ ಕೊಂಬಿಗೆ ಅರಿಶಿನದ ಬಟ್ಟೆ ಕಟ್ಟಿರುವುದನ್ನು ಕಂಡು ಓಬಳಪ್ಪನ ಬಾಯಲ್ಲಿದ್ದ ಬೇವಿನ ಕಡ್ಡಿ ಕೆಳಗೆ ಬಿತ್ತು. ಸೊಕ್ಕೆ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಬಟ್ಟೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದರೆಂದರೆ ಆ ಪ್ರಾಣಿ ಮಾರಮ್ಮನಿಗೆ ಮೀಸಲು. ಹರಕೆ ಫಲಿಸಿದ ಮೇಲೆ ಅದು ಬಲಿ ಬೀಳಲೇಬೇಕು.

"ಲೇ ಗಾದ್ರಿ! ಯಾರೇ ನಮ್ ಸಾವ್ಕಾರಂಗೆ ಬಟ್ಟೆ ಕಟ್ಟಿದ್ದು?"

ಸಾಹುಕಾರ ಎಂಬುದು ಟಗರಿನ ಹೆಸರು. ಒಂದು ಕಡ್ಡಿ ಕೆಲಸ ಮಾಡದೆ, ಹೊತ್ತು ಹೊತ್ತಿಗೆ ಶೇಂಗಾ ಹಿಂಡಿ ತಿಂದು, ಮನೆಯವರನ್ನೇ ಗುರಾಯಿಸುವ ಜೀವಕ್ಕೆ ಬೇರೆ ಯಾವ ಹೆಸರು ಒಪ್ಪೀತು? ಮರಿಯಾಗಿದ್ದಾಗಲೇ ತಾಯಿ ಸತ್ತಿತ್ತು. ಓಬಳಪ್ಪನೇ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕಂಬಳಿಯೊಳಗೆ ಮಲಗಿಸಿಕೊಂಡು ಸಾಕಿದ್ದ. ಈಗಲೂ ಅವನು ಜಗಳೂರಿನಿಂದ ಬಸ್ಸಿಳಿದರೆ ಸಾಕು, ಸಾಹುಕಾರ ಹಟ್ಟಿಯಿಂದಲೇ ಕೂಗುತ್ತಿತ್ತು. ಅಂಥದ್ದನ್ನು ಕಡಿಯುವುದೇ?

ಹೆಂಡತಿ ಗಾದ್ರಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾನೇ ಕಣ್ರೀ. ಭರಮಣ್ಣ ಬದುಕಿ ಬಂದ್ರೆ ಟಗರು ಒಪ್ಪಿಸ್ತೀನಿ ಅಂತ ತಾಯಿಗೆ ಹೇಳ್ಕೊಂಡೀನಿ."

"ಯಾವ ಭರಮಣ್ಣ? ನಿಮ್ ತವರು ಕಡೆಯೋನಾ?"

"ಏ, ಟೀವಿಯಾಗಿನ ಭರಮಣ್ಣ!"

ಓಬಳಪ್ಪ ಅಲ್ಲೇ ಕುಕ್ಕರಿಸಿದ. 'ಕತ್ತಲ ಗಣಿ' ಎಂಬ ಧಾರಾವಾಹಿಯನ್ನು ಊರೇ ನೋಡುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವನು ಕುರಿಗಳ ಜೊತೆ ಇರುತ್ತಿದ್ದ. ಕುಸಿದ ಗಣಿಯೊಳಗೆ ಸಿಕ್ಕಿಬಿದ್ದ ಕೂಲಿಯವರು ಒಬ್ಬೊಬ್ಬರಾಗಿ ಸಾಯುವ ಕತೆ ಅದು. ನೀರಿನ ಬಾಟಲಿ ಬಚ್ಚಿಟ್ಟ ಮ್ಯಾನೇಜರನಿಗೆ ಪಕ್ಕದ ಮನೆಯ ಹನುಮಂತಮ್ಮ ಎಸೆದ ಚಪ್ಪಲಿ ಟೀವಿಗೆ ತಾಗದೆ ಸ್ವಂತ ಗಂಡನ ಮೂಗಿಗೆ ಬಿದ್ದಿತ್ತು. ಭರಮನೋ, ತನ್ನ ಪಾಲಿನ ನೀರನ್ನೂ ಹಂಚುವವನು. ಟ್ಯಾಂಕರ್ ಬಂದರೆ ಒಂದು ಕೊಡಕ್ಕೆ ಅಕ್ಕತಂಗಿಯರೇ ಜುಟ್ಟು ಹಿಡಿಯುವ ಊರು ಅದು. ಬಾಯಿ ಒಣಗಿ ಬಿರಿದಿದ್ದರೂ ನೀರು ಕೊಟ್ಟುಬಿಡುವ ಗಂಡಸನ್ನು ಕಂಡು ಊರಿಗೆ ಊರೇ ಬೆರಗಾಗಿ ಹೋಗಿತ್ತು. ಅವನ ಹೆಸರೆತ್ತುವಾಗ ಹೆಂಗಸರ ದನಿ ಗುಡಿಯೊಳಗೆ ನಿಂತಂತೆ ತಗ್ಗುತ್ತಿತ್ತು. ಆ ದಿನದ ಕಂತು ಮುಗಿಯುವ ತನಕ ಗಾದ್ರಮ್ಮ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ.

"ಅದು ನಾಟಕ ಕಣೇ! ಅವನು ಬಣ್ಣ ತೊಳ್ಕೊಂಡು ಇಷ್ಟೊತ್ತಿಗೆ ದೋಸೆ ತಿಂತಿರ್ತಾನೆ."

"ಬಾಯಿಗೆ ಬಂದಂಗೆ ಅನ್ಬ್ಯಾಡ್ರಿ. ಪಾಪ ಸುತ್ಕೊಳ್ತೈತೆ."

ಇವಳ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ ಎಂದುಕೊಂಡ ಓಬಳಪ್ಪ ಟಗರನ್ನು ಜಗಳೂರಿನ ಭಾಮೈದುನನ ಮನೆಗೆ ದಾಟಿಸಲು ಹೊರಟ. ಬಸ್ಸಿನ ಕಂಡಕ್ಟರ್ ಬಟ್ಟೆ ನೋಡಿದ್ದೇ ಸೀಟಿ ಬಾಯಿಂದ ತೆಗೆದ.

"ಭರಮಣ್ಣನ ಹೆಸರಿಂದಾ ಇದು? ಮೀಸಲು ಟಗರು ಊರ ಗಡಿ ದಾಟಬಾರದು ಯಜಮಾನ್ರೆ, ಗೊತ್ತಿಲ್ವಾ?" ಎಂದವನೇ ಸಾಹುಕಾರನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಇಬ್ಬರನ್ನೂ ಅಲ್ಲೇ ಬಿಟ್ಟು ರೈಟ್ ಎಂದುಬಿಟ್ಟ.

ಇನ್ನೇನು ದಾರಿ? ಓಬಳಪ್ಪ ಮಾರಮ್ಮನ ಪೂಜಾರಿ ದುರುಗಪ್ಪನ ಮುಂದೆ ನಿಂತ. "ಪೂಜಾರಪ್ಪ, ಈ ಹರಕೆ ಬಿಡಿಸಾಕೆ ಆಗಲ್ವಾ?"

"ಮಾತು ಕೊಟ್ಟ ಮೇಲೆ ಹೆಂಗಪ್ಪಾ ಬಿಡ್ಸೋದು? ಭರಮಣ್ಣ ಸತ್ರೆ ಮಾತ್ರ ಬಟ್ಟೆ ಬಿಚ್ಚಬೋದು. ಆದ್ರೆ ಅಂಥಾ ಪುಣ್ಯಾತ್ಮನ್ನ ತಾಯಿ ಸಾಯಾಕೆ ಬಿಡ್ತಾಳಾ? ಇವತ್ತು ಸಂಜೆ ಗೊತ್ತಾಗ್ತೈತೆ ನೋಡು."

ಓಬಳಪ್ಪ ಸೀದಾ ಅಂಗಡಿಗೆ ಹೋಗಿ ತೆಂಗಿನಕಾಯಿ ತಂದ. ಪೂಜಾರಿ ಮನೆಗೆ ಹೋದದ್ದನ್ನು ನೋಡಿಕೊಂಡು ಗುಡಿಯ ಮುಂದೆ ಕಣ್ಣು ಮುಚ್ಚಿದ. 'ತಾಯೀ, ಇವತ್ತಿನ ತನಕ ಯಾರಿಗೂ ಕೇಡು ಬಗೆದವನಲ್ಲ. ಆ ಒಬ್ಬನನ್ನು ಇವತ್ತು ಕರೆದುಕೊಂಡುಬಿಡು' ಎಂದು ಮನಸ್ಸಿನಲ್ಲೇ ಬೇಡಿ ಕಾಯಿ ಒಡೆದ.

"ಓಬಳಣ್ಣಾ, ಭರಮಣ್ಣನ ಸಲುವಾಗೇನಾ?" ಹಿಂದೆ ಹನುಮಂತಮ್ಮ ನಿಂತಿದ್ದಳು.

"ಹೂಂ... ಅವನ ಸಲುವಾಗೇ," ಎಂದ ಓಬಳಪ್ಪ. ಸುಳ್ಳೇನೂ ಹೇಳಲಿಲ್ಲವಲ್ಲ!

ಹನುಮಂತಮ್ಮನ ಕಿವಿಗೆ ಬಿದ್ದದ್ದು ಊರಿಗೆ ಡಂಗುರ ಸಾರಿದ ಹಾಗೆಯೇ. ಮಧ್ಯಾಹ್ನದೊಳಗೆ ಓಬಳಪ್ಪ ದೊಡ್ಡ ಮನುಷ್ಯನಾದ. ಹೋಟೆಲಿನಲ್ಲಿ ಕರೆದು ಚಾ ಕೊಟ್ಟರು. ಸಂಜೆ ಅವನ ಮನೆಯಲ್ಲೇ ಜನ ಸೇರಿದರು. ನಡುವೆ ಕುರ್ಚಿ ಹಾಕಿ, "ನೀನೇ ಮುಂದೆ ಕುಂತ್ಕಾ, ಕಾಯಿ ಒಡೆದೋನು" ಎಂದು ಪೂಜಾರಿಯೇ ಕೂರಿಸಿದ. ಸಾಹುಕಾರನನ್ನು ಅವನ ಕುರ್ಚಿಯ ಹಿಂಗಾಲಿಗೇ ಕಟ್ಟಿದರು.

ಧಾರಾವಾಹಿ ಶುರುವಾಯಿತು. ಪರದೆ ತುಂಬ ಕತ್ತಲು. ಸಾಯುವಂತಿದ್ದ ಒಂದು ಲಾಟೀನು, ಅದರ ಬೆಳಕಿನಲ್ಲಿ ಭರಮನ ಒಡೆದ ತುಟಿ. ಬಾಟಲಿಯಲ್ಲಿ ಉಳಿದದ್ದು ಒಂದೇ ಗುಟುಕು. ಅವನು ಅದನ್ನು ಪಕ್ಕದ ಮುದುಕನ ಬಾಯಿಗೆ ಹಿಡಿದ.

"ನೀನು ಕುಡಿ ಅಜ್ಜಾ. ನಾನು ಮೇಲೆ ಹೋಗಿ ಕುಡೀತೀನಿ."

"ಮೇಲೆ ಹೋದ್ರೆ ಏನ್ ಮಾಡ್ತೀಯೋ ಮಗಾ?"

ಭರಮ ನಕ್ಕ. "ಬಿಸಿ ಮುದ್ದೆ, ಟಗರಿನ ಸಾರು. ಹೊಟ್ಟೆ ತುಂಬ ಉಣ್ತೀನಿ."

ಮುದುಕ ನೀರು ನುಂಗಿದ. ಭರಮ ಅವನ ಗಂಟಲನ್ನೇ ನೋಡುತ್ತಿದ್ದ. ಆ ನೀರು ತನ್ನೊಳಗೇ ಇಳಿಯುತ್ತಿದೆ ಎನ್ನುವಂಥ ಸಮಾಧಾನ ಅವನ ಮುಖದಲ್ಲಿತ್ತು. ಓಬಳಪ್ಪ ಕುರ್ಚಿಯ ಅಂಚಿಗೆ ಜರುಗಿದ. ಅಬ್ಬಬ್ಬಾ, ಎಂಥಾ ಮನುಷ್ಯ! ಇವನನ್ನೇ ಕೊಂದುಬಿಡು ಎಂದು ಕಾಯಿ ಒಡೆದೆನಾ ನಾನು? ಲಾಟೀನು ಮಿಣುಕಿತು. ಭರಮನ ತಲೆ ವಾಲಿತು.

"ಸಾಯಬ್ಯಾಡ ಕಣೋ ಭರಮಾ!"

ಕಿರುಚಿದ್ದು ಓಬಳಪ್ಪನೇ. ಲಾಟೀನು ಆರಿತು. ಜಾಹೀರಾತು ಬಂತು.

ಹೆಂಗಸರು ಗೊಳೋ ಎಂದರು. ಓಬಳಪ್ಪನೂ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಳುತ್ತಲೇ ಅವನ ಕೈ ಸುಮ್ಮನೆ ಹಿಂದಕ್ಕೆ ಹೋಗಿ, ಕೊಂಬಿನ ಬಟ್ಟೆ ಬಿಚ್ಚಿ ಕೆಳಗೆ ಹಾಕಿತು. ಸಾಹುಕಾರ ಉಳಿಯಿತು! ದುಃಖವೂ ನಿಜ, ಖುಷಿಯೂ ನಿಜ. ಎರಡೂ ಒಟ್ಟಿಗೆ ಉಕ್ಕಿ ಬಂದು ಅವನ ಬಾಯಿ ತನ್ನಷ್ಟಕ್ಕೆ ಮಾತಾಡಿತು.

"ಮುದ್ದೆ, ಟಗರಿನ ಸಾರು ಅಂದ್ನಲ್ರೋ! ಪಾಪ, ಒಂದು ತುತ್ತೂ ಸಿಗದೆ ಹೋದ್ನಲ್ರೋ!"

ಅಳು ಗಪ್ಪನೆ ನಿಂತಿತು. ಪೂಜಾರಿ ಕಣ್ಣೊರೆಸಿಕೊಂಡ. "ಖರೇ ಮಾತು. ಆಸೆ ಇಟ್ಕೊಂಡು ಹೋದೋನಿಗೆ ಬಯಸಿದ್ದನ್ನೇ ಎಡೆ ಇಡಬೇಕು. ಇಲ್ದಿದ್ರೆ ಆತ್ಮ ಅಲೀತೈತೆ. ಅವನಿಗೋ, ಹಿಂದಿಲ್ಲ ಮುಂದಿಲ್ಲ."

"ನಾವೆಲ್ಲ ಇಲ್ವಾ?" ಎಂದಳು ಹನುಮಂತಮ್ಮ. "ಓಬಳಣ್ಣನೇ ಬಾಯಿ ಬಿಟ್ಟು ಹೇಳ್ದ ಮ್ಯಾಲೆ ಇನ್ನೇನು! ಎಂಥಾ ದೊಡ್ಡ ಮನಸಣ್ಣ ನಿಂದು!"

ಎಲ್ಲರ ಕಣ್ಣೂ ಟಗರಿನ ಕಡೆ ತಿರುಗಿದವು. ಸಾಹುಕಾರ ಎಲ್ಲರನ್ನೂ ಗುರಾಯಿಸಿತು. ಓಬಳಪ್ಪ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ.

ಅಷ್ಟರಲ್ಲಿ ಜಾಹೀರಾತು ಮುಗಿದು ಮುಂದಿನ ವಾರದ ತುಣುಕು ಬಂತು. ಕತ್ತಲು. ಕತ್ತಲಲ್ಲಿ ಒಂದು ಕೈ. ಬೆರಳು ಅಲುಗಿತು. ಭರಮ ಕಣ್ಣು ಬಿಟ್ಟ!

ಮನೆಯ ಹಂಚು ಹಾರುವಂತೆ ಜನ ಕೂಗಿದರು. ಎಲ್ಲರಿಗಿಂತ ಎತ್ತರಕ್ಕೆ ಹಾರಿದವನು ಓಬಳಪ್ಪ. "ಬದುಕ್ಯಾನೆ! ಬದುಕ್ಯಾನ್ರೋ! ಬದುಕಿರೋನಿಗೆ ಎಡೆ ಇಡಬಾರದು, ಅಪಶಕುನ! ಅಲ್ವಾ ಪೂಜಾರಪ್ಪ?"

"ಬಿಡ್ತು ಅನ್ನು! ಎಡೆ ಮಾತೇ ಬ್ಯಾಡ," ಎಂದ ಪೂಜಾರಿ.

ಓಬಳಪ್ಪ ಹಿಂದಕ್ಕೆ ತಿರುಗಿ ಸಾಹುಕಾರನನ್ನು ತಬ್ಬಿಕೊಂಡ. ಅದು ಎಂದಿನಂತೆ ಅವನ ಹೆಗಲ ಮೇಲೆ ಗಲ್ಲ ಇಟ್ಟು ಮೆಲುಕು ಹಾಕತೊಡಗಿತು.

ಗಾದ್ರಮ್ಮ ಟೀವಿಯ ಮುಂದೆ ಕೈ ಮುಗಿದು ನಿಂತೇ ಇದ್ದಳು. ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು. ಆಮೇಲೆ ಕುರ್ಚಿಯ ಬಳಿ ಬಂದು, ಕೆಳಗೆ ಬಿದ್ದಿದ್ದ ಅರಿಶಿನದ ಬಟ್ಟೆಯನ್ನು ಎತ್ತಿ, ಧೂಳು ಕೊಡವಿ, ಭಕ್ತಿಯಿಂದ ಗಂಡನ ಕೈಗೆ ಕೊಟ್ಟಳು.

"ತಾಯಿ ಮಾತು ಉಳಿಸ್ಕೊಂಡ್ಲು ಕಣ್ರೀ. ಹರಕೆ ಫಲಿಸ್ತು. ನಿಮ್ ಕೈಯಾರೆ ನೀವೇ ಕಟ್ರಿ. ಕಾಯಿ ಒಡೆದು ಬೇಡ್ಕೊಂಡೋರು ನೀವಲ್ವಾ?"